ಎರಡನೆಯ ಪರೀಕ್ಷಾರ್ಥಿ

ವಿಶ್ವವಿದ್ಯಾಲಯದ ಪರೀಕ್ಷಾ ನಿಯಮಾವಳಿಗೆ ಎಂಬತ್ನಾಲ್ಕು ಪುಟ. ಅದನ್ನು ಅಧ್ಯಾಪಕರು ಓದುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಇಡೀ ಸಂಸ್ಥೆ ನಿಂತಿತ್ತು. ವಿದ್ಯಾರ್ಥಿಗಳು ಓದಬಹುದೆಂಬ ಅನುಮಾನವಂತೂ ಯಾರಿಗೂ ಬಂದಿರಲಿಲ್ಲ. ತನುಶ್ರೀ ಓದಿಬಿಟ್ಟಳು.

ತುಮಕೂರು ಕಡೆಯಿಂದ ಮರಾಠಿ ಸೀಮೆಗೆ ಓದಲು ಬಂದ ಹುಡುಗಿ, ಬಿ.ಎಸ್ಸಿ. ಕೊನೆಯ ವರ್ಷ. ಹಿಂದಿನ ವರ್ಷ ಡೆಂಗ್ಯೂ ಬಂದು ತಪ್ಪಿಹೋಗಿದ್ದ ವಿಷಯವೂ ಸೇರಿಕೊಂಡು, ಸೋಮವಾರ ಒಂದೇ ದಿನ ಅವಳಿಗೆ ಮೂರು ಪರೀಕ್ಷೆ ಬಿದ್ದಿದ್ದವು: ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಅವಳು ನಿಯಮಾವಳಿಯನ್ನು ಹಿಡಿದುಕೊಂಡು ಸಂಖ್ಯಾಶಾಸ್ತ್ರ ಕಲಿಸುವ ಮಾಧುರಿಯ ಮೇಜಿನ ಮುಂದೆ ನಿಂತಳು.

"ಮ್ಯಾಮ್, ಹದಿನಾಲ್ಕನೇ ರೂಲ್ ನೋಡಿ. ಒಂದೇ ದಿನ ಮೂರು ಎಕ್ಸಾಮ್ ಬಂದ್ರೆ ಒಂದನ್ನ ಬೇರೆ ದಿನ ಕೊಡ್ಬೇಕಂತೆ. ಕಡಿಮೆ ಸ್ಟೂಡೆಂಟ್ಸ್ ಇರೋ ಪೇಪರ್ ಮೂವ್ ಆಗ್ಬೇಕು. ಅದು ನಿಮ್ದೇ."

"ಭಾಳ ಸಂತೋಷ," ಎಂದಳು ಮಾಧುರಿ. ಸಂತೋಷದ ಲಕ್ಷಣವೇನೂ ಮುಖದಲ್ಲಿ ಇರಲಿಲ್ಲ. ಎರಡನೆಯ ತರಗತಿಯ ಮಗನನ್ನು ಬೆಳಗ್ಗೆ ಶಾಲೆಯ ರಿಕ್ಷಾಕ್ಕೆ ಹತ್ತಿಸಿ, ಡಬ್ಬಿ ಮರೆತು, ಮತ್ತೆ ಶಾಲೆಯ ತನಕ ಓಡಿ ಬಂದಿದ್ದ ಹೆಂಗಸು ಅವಳು.

"ಶುಕ್ರವಾರ ಐದು ಗಂಟೆಗೆ ಮಾರ್ಕ್ಸ್ ಪೋರ್ಟಲ್ ಕ್ಲೋಸ್ ಆಗುತ್ತೆ ಮ್ಯಾಮ್. ಅಷ್ಟರಲ್ಲಿ ನನ್ ರಿಸಲ್ಟ್ ಬರದಿದ್ರೆ ಎಂ.ಎಸ್ಸಿ. ಸೀಟು ಹೋಗುತ್ತೆ. ಆಮೇಲೆ ಡಿಸೆಂಬರ್‌ಗೇ ಎಕ್ಸಾಮ್."

ಮಾಧುರಿ ಸಹಿ ಮಾಡಿದಳು. ಸಹೋದ್ಯೋಗಿಗಳಾದರೆ "ನಾಳೆ ಬಾ" ಎಂದು ಕಳಿಸುತ್ತಿದ್ದರು. ಆ ಕಲೆ ಅವಳಿಗೆ ಒಲಿದಿರಲಿಲ್ಲ.

ಸಹಿ ಮಾಡಿದ್ದಕ್ಕೆ ಶಿಕ್ಷೆ ಅಂದೇ ಶುರುವಾಯಿತು. ಪರೀಕ್ಷಾ ವಿಭಾಗದ ಮೇಲ್ವಿಚಾರಕ ಚನ್ನವೀರ ಅಕ್ಕಲಕೋಟೆಯವನು. ಕಚೇರಿಯಲ್ಲಿ ಮರಾಠಿ ಆಡಿದರೂ, ಮಾಧುರಿಯಂಥ ಕನ್ನಡದವರಿಗೆ ಏನನ್ನಾದರೂ ನಿರಾಕರಿಸುವಾಗ ಕನ್ನಡಕ್ಕೆ ಇಳಿಯುತ್ತಿದ್ದ. ಇಲ್ಲ ಎನ್ನುವುದನ್ನು ತಾಯಿನುಡಿಯಲ್ಲಿ ಹೇಳಿದರೆ ಹಿತವೆಂದು ಅವನ ಎಣಿಕೆ.

"ಹಳೇ ಪೇಪರ್ ನಡಿಯೂದಿಲ್ರಿ ಮೇಡಮ್ರ. ಹೊಸಾದು ಬೇಕು. ಮೂರು ಸೆಟ್ ಮಾಡ್ರಿ. ಚೀಟಿ ಎತ್ತಿ ಒಂದು ತಗೀತೀವಿ, ಎರಡು ಹರದು ಹಾಕ್ತೀವಿ."

"ಒಬ್ಬ ಹುಡುಗಿಗೆ ಮೂರು ಪತ್ರಿಕೆ?"

"ಒಬ್ಬಾಕಿ ಅಂತ ಗೌಪ್ಯತಾ ಕಡಿಮಿ ಮಾಡಾಕ ಬರತದೇನ್ರಿ?"

ಹೊಸ ಪತ್ರಿಕೆಗೆ ಹೊಸ ಸಂಕೇತ ಸಂಖ್ಯೆ, ಹೊಸ ಸಂಕೇತಕ್ಕೆ ಹೊಸ ತರಗತಿ. ಹೀಗೆ ತನುಶ್ರೀ ಒಬ್ಬಳೇ ಒಂದು ತರಗತಿಯಾದಳು. ಬುಧವಾರ ಹತ್ತು ಗಂಟೆಗೆ ಅರವತ್ತು ಆಸನದ ಕೋಣೆ ತೆರೆಯಿತು. ಬಾಗಿಲಿಗೆ ಆಸನ ವ್ಯವಸ್ಥೆಯ ಪಟ್ಟಿ ಅಂಟಿಸಿದ್ದರು; ಅದರಲ್ಲಿ ಒಂದೇ ನಂಬರು. ನಕಲು ತಡೆಯಲು ಅಕ್ಕಪಕ್ಕದ ಬೆಂಚು ಖಾಲಿ ಬಿಡಬೇಕೆಂದು ಸೂಚನೆ ಇತ್ತು. ಅದನ್ನು ಚಾಚೂ ತಪ್ಪದೆ ಪಾಲಿಸಲಾಗಿತ್ತು. ಪ್ರತಿ ಕೋಣೆಗೆ ಇಬ್ಬರು ಮೇಲ್ವಿಚಾರಕರು ಬೇಕಾದ್ದರಿಂದ ಒಂದು ಬದಿಗೆ ಮಾಧುರಿ, ಇನ್ನೊಂದು ಬದಿಗೆ ಚನ್ನವೀರ ನಿಂತು ನಡುವೆ ಕೂತ ಹುಡುಗಿಯನ್ನು ಕಾಯತೊಡಗಿದರು.

ಚನ್ನವೀರ ಅರಗಿನ ಮುದ್ರೆಯ ಲಕೋಟೆ ಎತ್ತಿ ಹಿಡಿದ. ಅಲ್ಲಿಗೇ ನಿಂತ.

"ಒಡೀಲಿಕ್ಕೆ ಬರೂದಿಲ್ರಿ."

"ಯಾಕ್ರಿ?"

"ಮುದ್ರಿ ಸರಿ ಇತ್ತು ಅಂತ ಇಬ್ಬರು ಪರೀಕ್ಷಾರ್ಥಿಗಳು ಸಹಿ ಮಾಡಬೇಕು. ಇಲ್ಲಿ ಒಬ್ಬಾಕೀನಽ ಇದ್ದಾಳ."

"ಸರ್, ನಾನೇ ಎರಡು ಸಲ ಸೈನ್ ಮಾಡ್ತೀನಿ," ಎಂದಳು ತನುಶ್ರೀ.

"ಅದು ನಕಲು ಆಗತದ, ತಂಗಿ."

ಮಾಧುರಿ ತಾನು ಮಾಡುತ್ತೇನೆ ಎಂದಳು. ಅಧ್ಯಾಪಕರ ಸಹಿಗೆ ಬೇರೆ ಕಾಲಂ ಇತ್ತು. ಹತ್ತೂವರೆಯೊಳಗೆ ಲಕೋಟೆ ಒಡೆಯದಿದ್ದರೆ ಪರೀಕ್ಷೆ ರದ್ದು ಎಂಬ ನಿಯಮವನ್ನು ಚನ್ನವೀರ ಗಡಿಯಾರ ನೋಡುತ್ತ ಓದಿ ಹೇಳಿದ. ಹುಡುಗಿಯ ಕಣ್ಣು ತುಂಬಿತು. ಆಗ ಕುಡಿಯುವ ನೀರಿನ ಜಗ್ಗು ಹಿಡಿದು ಒಳಗೆ ಬಂದವನು ಜವಾನ ಸಿದ್ರಾಮಪ್ಪ.

ಅವನನ್ನು ನೋಡಿದ್ದೇ ಚನ್ನವೀರನ ಮುಖ ಅರಳಿತು. ಗುಣಮಟ್ಟ ಅಳೆಯುವ ಪರಿಶೀಲನಾ ಸಮಿತಿ ಬಂದಿದ್ದ ವರ್ಷ ವಿಶ್ವವಿದ್ಯಾಲಯ 'ಪ್ರತಿ ನೌಕರನೂ ಪದವೀಧರ' ಎಂಬ ಯೋಜನೆ ತಂದು, ಐವತ್ತೆರಡರ ಸಿದ್ರಾಮಪ್ಪನನ್ನು ದೂರಶಿಕ್ಷಣದ ಬಿ.ಎ.ಗೆ ಸೇರಿಸಿತ್ತು. ಸಮಿತಿ ಹೋದ ಮೇಲೆ ಯಾರೂ ಅವನಿಗೆ ಒಂದು ಪಾಠವನ್ನೂ ಮಾಡಿರಲಿಲ್ಲ. ಆದರೆ ಗುರುತಿನ ಚೀಟಿ ಇತ್ತು. ಕ್ಯಾಂಟೀನಿನಲ್ಲಿ ಚಹಾಕ್ಕೆ ಎರಡು ರೂಪಾಯಿ ಕಡಿಮೆಯಾಗುತ್ತಿತ್ತು.

"ಸಿದ್ರಾಮಣ್ಣ, ಕೂಡು. ಇವತ್ತ ನಿನ್ನ ಪರೀಕ್ಷಾ."

"ಯಾವುದು?"

"ಸಂಖ್ಯಾಶಾಸ್ತ್ರ. ಸ್ಥಳದಲ್ಲೇ ನೋಂದಣಿ, ನಿಯಮ ಮೂವತ್ತೊಂದು. ನೀ ಬರೀ ಸಹಿ ಮಾಡು ಸಾಕು."

ಸಿದ್ರಾಮಪ್ಪ ಹುಡುಗಿಯ ಮುಖ ನೋಡಿದ. ಜಗ್ಗು ಕೆಳಗಿಟ್ಟು, ಸಹಿ ಮಾಡಿ, ಒಂದು ಬೆಂಚು ಬಿಟ್ಟು ಕೂತ. ಹತ್ತು ಇಪ್ಪತ್ತೆಂಟಕ್ಕೆ ಲಕೋಟೆ ಒಡೆಯಿತು. ಮೊದಲ ಒಂದು ತಾಸು ಯಾವ ಪರೀಕ್ಷಾರ್ಥಿಯೂ ಹೊರಗೆ ಹೋಗುವಂತಿಲ್ಲವಾದ್ದರಿಂದ ಅವನಿಗೆ ನೀರು ತಂದುಕೊಡುವ ಕೆಲಸ ಮಾಧುರಿಯ ಪಾಲಿಗೆ ಬಂತು. ಆ ತಾಸು ಕಳೆದ ಮೇಲೂ ಸಿದ್ರಾಮಪ್ಪ ಏಳಲಿಲ್ಲ. ಕನ್ನಡಕ ಹಾಕಿಕೊಂಡು ಮರಾಠಿಯಲ್ಲಿ ಏನೇನೋ ಬರೆಯುತ್ತಲೇ ಇದ್ದ. ಕೊನೆಯ ಗಂಟೆ ಹೊಡೆದಾಗ, ಆ ಗಂಟೆ ಹೊಡೆಯಬೇಕಾದವನು ತಾನಲ್ಲವೇ ಎಂಬಂತೆ ಬೆಚ್ಚಿ ತಲೆ ಎತ್ತಿದ.

ಗುರುವಾರ ಮಾಧುರಿ ಅಡುಗೆಯ ನಡುವೆ ಎರಡೂ ಉತ್ತರಪತ್ರಿಕೆ ತಿದ್ದಿದಳು. ತನುಶ್ರೀಗೆ ಎಪ್ಪತ್ತೊಂದು. ಸಿದ್ರಾಮಪ್ಪನಿಗೆ ಹದಿನೈದು, ಅಷ್ಟಾದರೂ ಬಂತಲ್ಲ ಎಂದು ಅವಳಿಗೇ ಅಚ್ಚರಿ. ಶುಕ್ರವಾರ ಮೂರು ಗಂಟೆಗೆ ಪೋರ್ಟಲಿನಲ್ಲಿ ಅಂಕ ತುಂಬಿದಳು. ಪರದೆ ಕೆಂಪಾಯಿತು. ಚನ್ನವೀರನನ್ನು ಕರೆದಳು.

"ಫಲಿತಾಂಶ ಶೇಕಡಾ ಐವತ್ತು ಬಂದದ ನೋಡ್ರಿ," ಎಂದ ಅವನು. "ಅರವತ್ತರ ಕೆಳಗ ಬಂದ್ರ ಇಡೀ ಕ್ಲಾಸಿನ ರಿಸಲ್ಟ್ ತಡೀತದ. ನಿಮ್ಮ ಬೋಧನಾ ಗುಣಮಟ್ಟದ ಮ್ಯಾಲೆ ಸಮಿತಿ ಕೂಡತದ."

"ಯಾವಾಗ?"

"ಜುಲೈದಾಗ. ಚೇರ್ಮನ್ನರು ಲಂಡನ್ನಿಗೆ ಮೊಮ್ಮಗಳನ್ನ ನೋಡಾಕ ಹೋಗ್ಯಾರ."

"ಸಿದ್ರಾಮಪ್ಪ ಬರೇ ಸಹಿಗಂತ ಕೂತಾವಾ. ಅವನ ಹೆಸರು ತಗದುಬಿಡ್ರಿ."

"ತಗದ್ರ ಲಕೋಟಿ ಒಡದದ್ದಽ ತಪ್ಪಾಗತದ. ಆ ಹುಡಿಗೀದೂ ರದ್ದು."

ಹೊರಗೆ ಮೆಟ್ಟಿಲ ಮೇಲೆ ತನುಶ್ರೀ ಕೂತಿದ್ದಳು. ಅವಳು ಪಾಸಾಗಬೇಕಾದರೆ ಸಿದ್ರಾಮಪ್ಪ ಪಾಸಾಗಬೇಕು. ಮಾಧುರಿ ಮೊದಲ ಸಲ ನಿಯಮಾವಳಿಯನ್ನು ಭಕ್ತಿಯಿಂದ ಓದಿದಳು. ಪುಟ ಐವತ್ತಾರರಲ್ಲಿ ಕೃಪಾಂಕ ಸಿಕ್ಕಿತು. ಸಾಮಾನ್ಯ ಕೃಪಾಂಕ ಐದರವರೆಗೆ. ಸಾಂಸ್ಕೃತಿಕ ಸೇವೆಗೆ ಐದರವರೆಗೆ. ಸಿದ್ರಾಮಪ್ಪ ಗಣಪತಿ ವಿಸರ್ಜನೆಗೆ ಸಂಸ್ಥೆಯ ವಾದ್ಯಮೇಳದಲ್ಲಿ ಢೋಲು ಬಾರಿಸಿದ್ದ. ನೌಕರ ವಿದ್ಯಾರ್ಥಿಗೆ ಪ್ರೋತ್ಸಾಹ ಹತ್ತರವರೆಗೆ. ಹದಿನೈದಕ್ಕೆ ಇಪ್ಪತ್ತು ಸೇರಿ ಮೂವತ್ತೈದು, ಪಾಸು. ಯಾರೂ ಮೋಸ ಮಾಡಿರಲಿಲ್ಲ, ಎಲ್ಲವೂ ನಿಯಮದ ಪ್ರಕಾರವೇ ಕೆಟ್ಟಿತ್ತು.

ಇನ್ನು ಉಳಿದದ್ದು ಒಂದೇ: ಅಂಕ ಕಳಿಸುವ ಮೊದಲು ಉತ್ತರಪತ್ರಿಕೆಯನ್ನು ಪರೀಕ್ಷಾರ್ಥಿಗೆ ತೋರಿಸಿ, ಒಪ್ಪಿಗೆಯ ಸಹಿ ಪಡೆಯುವುದು. ತನುಶ್ರೀ ತೆರೆದೂ ನೋಡದೆ ಗೀಚಿದಳು. ಸಿದ್ರಾಮಪ್ಪ ಕೂತು, ಕನ್ನಡಕ ಒರೆಸಿ, ಮೊದಲ ಪುಟದಿಂದ ಓದತೊಡಗಿದ. ಆಗ ನಾಲ್ಕೂವರೆ.

"ಬಾಯಾರ, ಒಳಗ ಹದಿನೈದು ಅದ. ಮ್ಯಾಲ ಮೂವತ್ತೈದು ಬರದೀರಿ. ನಡುವಿನ ಇಪ್ಪತ್ತು ಯಾರವು?"

"ಕೃಪಾಂಕ ಅಂತಾರ್ರಿ."

"ಯಾರ ಕೃಪಾ?"

"ವಿಶ್ವವಿದ್ಯಾಲಯದ್ದು."

"ಇಪ್ಪತ್ತಾರು ವರ್ಷ ಆತು ನಾ ಇಲ್ಲಿ ಬಂದು. ಅದರ ಕೃಪಾ ನನಗ ಗೊತ್ತದ." ಅವನು ಕಿಸೆಯಿಂದ ಮರುಮೌಲ್ಯಮಾಪನದ ಅರ್ಜಿ ತೆಗೆದು ಮೇಜಿನ ಮೇಲಿಟ್ಟ. ಅಂಥ ಅರ್ಜಿಗಳ ಕಟ್ಟು ಅವನ ಕಪಾಟಿನಲ್ಲೇ ಇರುತ್ತಿತ್ತು. "ನಾಕನೇ ಪ್ರಶ್ನಾಕ್ಕ ಸೊನ್ನಿ ಕೊಟ್ಟೀರಿ. ಅದು ಸರಿ ಅದ."

ಅರ್ಜಿ ಬಿದ್ದರೆ ಅದು ತೀರುವ ತನಕ ತರಗತಿಯ ಫಲಿತಾಂಶ ನಿಲ್ಲುತ್ತದೆ. ಬಾಗಿಲಲ್ಲಿ ತನುಶ್ರೀ ಇಣುಕಿದಳು. "ಮ್ಯಾಮ್, ಇಪ್ಪತ್ತೈದು ನಿಮಿಷ ಇದೆ."

"ತಡಿ, ತಂಗಿ. ನಂದೂ ರಿಸಲ್ಟ್ ಅದ," ಎಂದ ಸಿದ್ರಾಮಪ್ಪ.

ಮಾಧುರಿ ನಾಲ್ಕನೆಯ ಪ್ರಶ್ನೆ ತೆರೆದಳು: ಬಸ್ಸುಗಳ ನಡುವೆ ಸರಾಸರಿ ಹತ್ತು ನಿಮಿಷವಾದರೆ, ನಿಲ್ದಾಣಕ್ಕೆ ಬಂದವನು ಸರಾಸರಿ ಎಷ್ಟು ಹೊತ್ತು ಕಾಯಬೇಕು?

"ಸಿದ್ರಾಮಪ್ಪನವರ, ಹತ್ತು ನಿಮಿಷಕ್ಕೊಂದು ಬಸ್ಸಾದ್ರ ಸರಾಸರಿ ಐದು ನಿಮಿಷ ಕಾಯಬೇಕು. ನೀವು ಹತ್ತರ ಮ್ಯಾಲ ಅಂತ ಬರದೀರಿ."

"ನಿಮ್ಮ ಪ್ರಶ್ನಾದಾಗ ಸರಾಸರಿ ಹತ್ತು ನಿಮಿಷ ಅಂತದ, ಗಡಿಯಾರ ನೋಡಿ ಬರತಾವ ಅಂತಿಲ್ಲ. ನೀವು ಬರದದ್ದು ನೀವಽ ಓದ್ರಿ. ಆಮ್ಯಾಲ ನಂದು ಓದ್ರಿ."

ಓದಿದಳು. ನಿನ್ನೆ ಕುಕ್ಕರಿನ ಸೀಟಿ ಎಣಿಸುತ್ತ ಸೂತ್ರ ಹುಡುಕಿದ್ದಳು, ಸಿಗದೆ ಸೊನ್ನೆ ಎಳೆದಿದ್ದಳು. ಸಿದ್ರಾಮಪ್ಪ ಬರೆದಿದ್ದ: ಕಾತ್ರಜ ಬಡಾವಣೆಗೆ ಹೋಗುವ ಬಸ್ಸುಗಳು ಎರಡು ಮೂರು ಒಟ್ಟಿಗೆ ಬರುತ್ತವೆ, ಆಮೇಲೆ ಬಹಳ ಹೊತ್ತು ಬರುವುದಿಲ್ಲ. ಆ ದೊಡ್ಡ ಖಾಲಿಯಲ್ಲೇ ಹೆಚ್ಚು ಮಂದಿ ಬಂದು ನಿಲ್ಲುತ್ತಾರೆ, ಏಕೆಂದರೆ ಅದೇ ಉದ್ದ. ಆದ್ದರಿಂದ ನಿಂತವನ ಲೆಕ್ಕ ಬಸ್ಸಿನ ಲೆಕ್ಕಕ್ಕಿಂತ ಯಾವಾಗಲೂ ಹೆಚ್ಚು.

ಮೂರು ವರ್ಷ ಕಲಿಸಿದರೂ ಒಬ್ಬ ವಿದ್ಯಾರ್ಥಿಯೂ ಅವಳಿಗೆ ಹೇಳದಿದ್ದ ಮಾತು ಅದು. ಅವಳು ಇನ್ನೊಮ್ಮೆ ಓದಿದಳು. ಹೊರಗೆ ತನುಶ್ರೀಯ ಚಪ್ಪಲಿ ಅತ್ತಿಂದಿತ್ತ ಓಡಾಡುತ್ತಿತ್ತು.

"ತಪ್ಪು ನಂದಽ ಅದ್ರಿ," ಎಂದಳು. "ಆದ್ರ ಸೂತ್ರ ಇಲ್ಲದ ಉತ್ತರಕ್ಕ ಹತ್ತರಾಗ ಐದಕ್ಕಿಂತ ಹೆಚ್ಚು ಕೊಡಾಕ ನಿಯಮ ಬಿಡೂದಿಲ್ಲ."

"ಐದು ಕೊಡ್ರಿ."

ಸೊನ್ನೆ ಹೊಡೆದು ಐದು ಬರೆದು, ಪಕ್ಕಕ್ಕೆ ಸಹಿ ಹಾಕಿದಳು. "ಈಗ ನಿಮ್ಮವು ಇಪ್ಪತ್ತು, ಕೃಪಾ ಹದಿನೈದು. ಒಟ್ಟು ಮತ್ತ ಮೂವತ್ತೈದಽ."

"ಒಟ್ಟು ಎಷ್ಟರೆ ಆಗಲಿ. ಹೆಚ್ಚಿನ ಪಾಲು ನಂದಾತಲ್ಲ," ಎಂದು ಅವನು ಅರ್ಜಿ ಮಡಚಿ ಕಿಸೆಗಿಟ್ಟ. ಒಂದೊಂದೇ ಅಕ್ಷರವಾಗಿ ಸಹಿ ಮಾಡಿದ.

ನಾಲ್ಕು ಐವತ್ತಾರಕ್ಕೆ ಮಾಧುರಿ ಗುಂಡಿ ಒತ್ತಿದಳು. ಪರದೆ ಹಸಿರಾಯಿತು. ತನುಶ್ರೀ ತನ್ನ ಮೊಬೈಲಿನಲ್ಲಿ ಅಂಕ ನೋಡಿ, "ಥ್ಯಾಂಕ್ಸ್ ಮ್ಯಾಮ್, ಥ್ಯಾಂಕ್ಸ್ ಅಂಕಲ್," ಎನ್ನುತ್ತ ಮೆಟ್ಟಿಲಿಳಿದು ಓಡಿದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದೊಂದು ಸಂದೇಶ ಮೂಡಿತು.

"ಏನಂತದರಿ ಅದು?"

"ನಮ್ಮ ಫಲಿತಾಂಶ ನೂರಕ್ಕ ನೂರು. ಭಾಳ ಛಲೋ ಕಲಿಸೀರಿ ಅಂತ ಅಭಿನಂದನಾ ಹೇಳತದ."

ಸಿದ್ರಾಮಪ್ಪ ಮೇಜಿನ ಮೇಲಿದ್ದ ಖಾಲಿ ಜಗ್ಗು ಎತ್ತಿಕೊಂಡು ಪರದೆಯನ್ನೇ ನೋಡಿದ.

"ಯಾರಿಗ್ರಿ?" ಎಂದ.