ಸಪ್ಪೆಯಕ್ಕನ ಬಟ್ಟಲು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನಕ್ಕೆ ಇನ್ನೂರೈವತ್ತು ಜನ ಅವಳು ಬೇಯಿಸಿದ್ದನ್ನು ಉಂಡು ಬೆರಳು ಚೀಪುತ್ತಿದ್ದರು. ಗೇಟು ಕಾಯುವವನಿಂದ ಹಿಡಿದು ದೊಡ್ಡ ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವಳು ಕ್ಯಾಂಟೀನಮ್ಮ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. "ಕ್ಯಾಂಟೀನಮ್ಮನ ಕೈರುಚಿ ಬಿಟ್ಟು ಹೋಗೋಕಾಗಲ್ಲ" ಎಂದು ಬೇರೆ ಕಡೆ ಸಿಕ್ಕ ಕೆಲಸವನ್ನೇ ಬೇಡವೆಂದ ಫಿಟ್ಟರ್ ಒಬ್ಬನಿದ್ದ. ಆ ಕತೆಯನ್ನು ಅವಳು ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಇಂಥವಳ ಬಟ್ಟಲನ್ನು ಕಟ್ಟಿಕೊಂಡ ಗಂಡನೇ ಕೈಯಲ್ಲಿ ತಳ್ಳಿದರೆ ಹೊಟ್ಟೆ ಉರಿಯದೆ ಇನ್ನೇನಾದೀತು?

ಗಂಡ ಅದೇ ಕಾರ್ಖಾನೆಯಲ್ಲಿ ವೆಲ್ಡರ್. ಶ್ವಾಸಕೋಶಕ್ಕೆ ಸೋಂಕು ತಗುಲಿ ಇಪ್ಪತ್ತಮೂರು ದಿನ ಆಸ್ಪತ್ರೆಯಲ್ಲಿದ್ದ. ಅದರಲ್ಲಿ ಒಂಬತ್ತು ದಿನ ಗಂಟಲಲ್ಲಿ ನಳಿಗೆ. ಮನೆಗೆ ಬಂದಾಗ ಅಂಗಿಯೊಳಗೆ ಅವನನ್ನು ಹುಡುಕಬೇಕಿತ್ತು. ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿ ಒಂದು ಹಾಳೆ ಬರೆದುಕೊಟ್ಟಿದ್ದಳು. ಗಂಟಲು ಇನ್ನೂ ಹಸಿ ಇದೆ, ಒಂದು ತಿಂಗಳು ಖಾರ, ಹುಳಿ, ಕರಿದದ್ದು ಬೇಡ, ಉಪ್ಪು ಹಿಡಿತದಲ್ಲಿರಲಿ; ಎಲ್ಲವೂ ಮೆತ್ತಗಿರಬೇಕು, ಪ್ರೋಟೀನ್ ಹೆಚ್ಚಿರಬೇಕು; ಎರಡೂವರೆ ಗಂಟೆಗೊಮ್ಮೆ ಒಂದು ಸಣ್ಣ ಬಟ್ಟಲು. ನುಣ್ಣಗೆ ಮಸೆದ ಬೇಳೆ, ಹಬೆಯಲ್ಲಿ ಬೇಯಿಸಿದ ಮೊಟ್ಟೆ, ನೀರು ಸೋಸಿದ ಗಟ್ಟಿ ಮೊಸರು, ಮುಳ್ಳು ತೆಗೆದು ಹಿಸುಕಿದ ಮೀನು. ಕ್ಯಾಂಟೀನಮ್ಮ ಹಾಳೆಯನ್ನು ಓದಿ, ರುಚಿಗೆ ಏನು ಹಾಕಬೇಕೆಂದು ಬರೆದಿರಬಹುದೇನೋ ಎಂದು ಹಿಂದೆ ತಿರುಗಿಸಿಯೂ ನೋಡಿದಳು.

"ಇಷ್ಟೇನಾ? ಇದಕ್ಕೆ ಅಡುಗೆ ಅಂತಾರಾ?"

"ಇಷ್ಟೇ ಅಮ್ಮ. ಆದ್ರೆ ಇಷ್ಟನ್ನೂ ತಿನ್ನಿಸಲೇಬೇಕು" ಎಂದಳು ಹುಡುಗಿ.

ಕ್ಯಾಂಟೀನಮ್ಮ ರಜೆ ಹಾಕಿ ಒಲೆ ಮುಂದೆ ನಿಂತಳು. ಮನಸ್ಸು ಹಾಳೆಯ ಮಾತು ಕೇಳಿತು, ಕೈ ಕೇಳಲಿಲ್ಲ. ಬೇಳೆಗೆ ಒಂದೆಸಳು ಬೆಳ್ಳುಳ್ಳಿ ಹುರಿದು ಹಾಕಿದರೆ ಏನು ಮಹಾ? ಮೀನಿಗೆ ಎರಡೇ ಎರಡು ಕಾಳುಮೆಣಸು ಕುಟ್ಟಿ ಹಾಕಿದರೆ ಯಾರ ಗಂಟು ಹೋಗುತ್ತದೆ? ಗಂಟು ಯಾರದೂ ಹೋಗಲಿಲ್ಲ, ಗಂಡನ ಗಂಟಲು ಹೋಯಿತು. ಒಂದು ಚಮಚ ನುಂಗಿದವನು ಕಾಲು ಗಂಟೆ ಕೆಮ್ಮಿ, ಕಣ್ಣಲ್ಲಿ ನೀರು ಸುರಿಸಿ, ತಿಂದದ್ದನ್ನೆಲ್ಲ ಕಕ್ಕಿದ. ಎರಡನೆಯ ಸಲವೂ ಹಾಗೇ ಆಯಿತು. ಆಮೇಲೆ ಅವಳು ನಿಜವಾಗಿಯೂ ಏನೂ ಹಾಕದೆ ತಂದರೂ ಅವನು ನಂಬಲಿಲ್ಲ. ಅವಳು ಬಟ್ಟಲು ಹಿಡಿದು ಬರುವುದನ್ನು ಕಂಡರೆ ಸಾಕು, ತುಟಿ ಬಿಗಿದು ಗೋಡೆಗೆ ತಿರುಗುತ್ತಿದ್ದ. ಸೋಮವಾರ ತೂಕ ನೋಡಿದಾಗ ಒಂಬೈನೂರು ಗ್ರಾಂ ಇಳಿದಿತ್ತು.

"ಬರೋ ಸೋಮವಾರ ಇನ್ನೂ ಇಳಿದ್ರೆ ಮತ್ತೆ ಅಡ್ಮಿಟ್ ಮಾಡಿಬಿಡಿ. ಮೂಗಿಂದ ನಳಿಗೆ ಹಾಕಿ ಊಟ ಕೊಡೋಣ" ಎಂದರು ಡಾಕ್ಟರು. ನಳಿಗೆ ಎಂಬ ಮಾತು ಕೇಳಿ ಗಂಡ ಅಲ್ಲೇ ಕುರ್ಚಿಯಲ್ಲಿ ಕುಗ್ಗಿಹೋದ.

ಆವತ್ತು ಸಂಜೆಯೇ ಭಾವ ತಮ್ಮನನ್ನು ನೋಡಲು ಬಂದರು. ಜೊತೆಗೆ ಅವರ ಹೆಂಡತಿ, ಸಪ್ಪೆಯಕ್ಕ.

ಈ ಹೆಸರು ಇಟ್ಟವಳೂ ಕ್ಯಾಂಟೀನಮ್ಮನೇ. ಇಪ್ಪತ್ತೆರಡು ವರ್ಷದ ಹಿಂದೆ, ಹೊಸ ಸೊಸೆಯಾಗಿ ಬಂದವಳು ಓರಗಿತ್ತಿ ಬಡಿಸಿದ್ದನ್ನು ಒಂದು ತುತ್ತು ಉಂಡು, "ಅಕ್ಕ, ನಿಮ್ಮ ಅಡುಗೆ ಉಂಡ್ರೆ ಬಾಯಿ ತೊಳೆಯೋ ಕೆಲಸವೇ ಇಲ್ಲ ಬಿಡಿ" ಎಂದಿದ್ದಳು. ಮನೆ ಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಸಪ್ಪೆಯಕ್ಕನೂ ನಕ್ಕಳು. ಅಂದಿನಿಂದ ಮನೆಯಲ್ಲಿ ಯಾವ ಸಮಾರಂಭವಾದರೂ ಸೌಟು ಕ್ಯಾಂಟೀನಮ್ಮನದು, ತರಕಾರಿ ತೊಳೆಯುವುದು ಸಪ್ಪೆಯಕ್ಕನದು. ಆಕೆ ಕೆಲಸ ಮಾಡುತ್ತಿದ್ದದ್ದು ಔಷಧಿ ಅಂಗಡಿಯಲ್ಲಿ. ಅಡುಗೆಯನ್ನೂ ಮಾತ್ರೆ ಎಣಿಸಿದ ಹಾಗೇ ಮಾಡುವವಳು: ಚಮಚದಲ್ಲಿ ಅಳೆದು, ಗಡಿಯಾರ ನೋಡಿ, ಒಲೆ ಆರಿಸಿ. "ಅಡುಗೆ ಅಲ್ಲ, ಕಷಾಯ" ಎಂದು ಕ್ಯಾಂಟೀನಮ್ಮ ಬೆನ್ನ ಹಿಂದೆಯೂ ಅನ್ನುತ್ತಿದ್ದಳು, ಮುಖದ ಮುಂದೆಯೂ ಅನ್ನುತ್ತಿದ್ದಳು.

ಸಪ್ಪೆಯಕ್ಕ ಹಾಳೆ ಓದಿದಳು. ಒಳಗೆ ಹೋಗಿ ಇಪ್ಪತ್ತು ನಿಮಿಷದಲ್ಲಿ ಬೇಳೆ ಮಸೆದು ತಂದಳು. ಅರ್ಧ ಚಮಚ ತನ್ನ ಬಾಯಿಗಿಟ್ಟು ನೋಡಿ, ಆಮೇಲೆ ಮೈದುನನ ಬಾಯಿಗೆ ಹಿಡಿದಳು. ಅವನು ಹೆದರುತ್ತಲೇ ನುಂಗಿದ. ಕೆಮ್ಮಲಿಲ್ಲ. ಬಟ್ಟಲು ಬರಿದಾಯಿತು.

"ಅತ್ತಿಗೆ, ಇನ್ನೊಂದು ಚಮಚ ಇದೆಯಾ?"

ಇನ್ನೊಂದು ಚಮಚ! ಇಪ್ಪತ್ತೆರಡು ವರ್ಷ ಬಗೆಬಗೆಯಾಗಿ ಮಾಡಿ ಹಾಕಿದವಳ ಎದುರಿಗೆ, ಉಪ್ಪಿಲ್ಲ ಹುಳಿಯಿಲ್ಲ ಎಂಬ ಬೇಳೆಗೆ ಇನ್ನೊಂದು ಚಮಚ! ಕ್ಯಾಂಟೀನಮ್ಮನಿಗೆ ಗಂಡ ಉಂಡನಲ್ಲ ಎಂದು ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆಯಿತು, ಇಲ್ಲವೆಂದಲ್ಲ. ಆದರೆ ಆ ಹಾಲು ಹೊಟ್ಟೆಗಿಳಿಯುವ ಮೊದಲೇ ಒಡೆಯಿತು.

ಸಪ್ಪೆಯಕ್ಕ ರಜೆ ಹಾಕಿ ಅಲ್ಲೇ ಉಳಿದಳು. ಬೆಳಗ್ಗೆ ಏಳಕ್ಕೆ ಮೊಟ್ಟೆ, ಒಂಬತ್ತೂವರೆಗೆ ಮೊಸರು, ಹನ್ನೆರಡಕ್ಕೆ ಬೇಳೆ, ಹೀಗೆ ದಿನಕ್ಕೆ ಆರು ಬಟ್ಟಲು. ಕ್ಯಾಂಟೀನಮ್ಮನಿಗೆ ತನ್ನದೇ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಕೆಲಸ. ತಿಕ್ಕುತ್ತ ತಿಕ್ಕುತ್ತ ತಪ್ಪು ಹುಡುಕಿದಳು. ಬೇಳೆ ಗಂಟಾಗಿದೆ. ಆಗಿರಲಿಲ್ಲ. ಮೊಟ್ಟೆ ನೀರಾಗಿದೆ. ಆಗಿರಲಿಲ್ಲ. ಊಟದ ಹೊತ್ತಿಗೆ ಬಾಗಿಲ ಸಂದಿಯಲ್ಲಿ ನಿಂತು ಚಮಚ ಎಣಿಸುತ್ತಿದ್ದಳು. ಅವನು ಹನ್ನೊಂದು ಉಂಡರೆ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಒಂದು ದಿನ ಏಳಕ್ಕೇ ಸಾಕೆಂದಾಗ ಅವಳಿಗೆ ಖುಷಿಯಾಯಿತು. ಖುಷಿಯಾದದ್ದು ಗೊತ್ತಾಗಿ ತನ್ನ ಮೇಲೇ ಹೇಸಿಗೆಯಾಯಿತು. ಹೇಸಿಗೆಯಾದರೇನು, ಮರುದಿನ ಮತ್ತೆ ಅದೇ ಸಂದಿ, ಅದೇ ಎಣಿಕೆ.

ಸೋಮವಾರ ತೂಕ ಆರುನೂರು ಗ್ರಾಂ ಏರಿತ್ತು. "ಅಡುಗೆ ಮಾಡೋರು ನೀವೇನಾ? ಭೇಷ್!" ಎಂದು ಡಾಕ್ಟರು ಸಪ್ಪೆಯಕ್ಕನ ಕಡೆ ನೋಡಿ ಹೇಳಿದರು. ಕ್ಯಾಂಟೀನಮ್ಮ ಪಕ್ಕದಲ್ಲೇ ಗಂಡನ ಚಪ್ಪಲಿ ಹಿಡಿದುಕೊಂಡು ನಿಂತಿದ್ದಳು. ಮನೆಗೆ ಬಂದರೆ ಭಾವನ ಫೋನು, ನಾದಿನಿಯ ಫೋನು, ಎಲ್ಲವೂ ಸಪ್ಪೆಯಕ್ಕನಿಗೇ. "ಇನ್ನು ಆ ಹೆಸರಿಂದ ಕರೆಯೋ ಹಾಗಿಲ್ಲ ನಿನ್ನ!" ಎಂದು ಭಾವ ಆ ಕಡೆಯಿಂದ ಕೂಗಿದ್ದು ಈ ಕಡೆಗೂ ಕೇಳಿಸಿತು.

ಅಂದು ಕ್ಯಾಂಟೀನಮ್ಮ ಒಂದು ನಿರ್ಧಾರಕ್ಕೆ ಬಂದಳು. ಈ ಸಪ್ಪೆಯನ್ನೂ ತಾನು ಎಲ್ಲರಿಗಿಂತ ಚೆನ್ನಾಗಿ ಮಾಡಬಲ್ಲೆ. ಎರಡು ದಿನ, ಸಪ್ಪೆಯಕ್ಕ ಸ್ನಾನಕ್ಕೆ ಹೋದಾಗೆಲ್ಲ, ಮೊಟ್ಟೆಯ ಬಿಳಿಭಾಗವನ್ನು ಹಾಲಿನ ಜೊತೆ ಕಲಕಿ, ಬಟ್ಟೆಯಲ್ಲಿ ಸೋಸಿ, ಸಣ್ಣ ಉರಿಯಲ್ಲಿ ಹಬೆಗಿಟ್ಟಳು. ಮೊದಲ ನಾಲ್ಕು ಬಟ್ಟಲು ತೂತು ತೂತಾದವು. ಅವನ್ನು ತಾನೇ ನಿಂತುಕೊಂಡು ತಿಂದಳು. ಐದನೆಯದು, ಬುಧವಾರ ಬೆಳಗ್ಗೆಯದು, ಕೆನೆಯ ಹಾಗೆ ನಡುಗಿತು. ಖಾರವಿಲ್ಲ, ಬೆಳ್ಳುಳ್ಳಿಯಿಲ್ಲ, ಚಿಟಿಕೆ ಉಪ್ಪು. ಜೀವಮಾನದಲ್ಲಿ ಮೊದಲ ಸಲ ಅವಳ ಕೈ ಅವಳ ಮಾತು ಕೇಳಿತ್ತು.

ಆದರೆ ಅದನ್ನು ತಿನ್ನಿಸುವುದು ಹೇಗೆ? ಅವಳ ಕೈಯಲ್ಲಿ ಬಟ್ಟಲು ಕಂಡರೆ ಅವನು ಗೋಡೆಗೆ ತಿರುಗುತ್ತಾನೆ. ಅತ್ತಿಗೆಯ ಅಡುಗೆ ಒಂದು ಸಲವಾದರೂ ಕೆಟ್ಟರೆ ತಾನೇ ತನ್ನ ಸರದಿ ಬರುವುದು? ಹನ್ನೆರಡಕ್ಕೆ ಐದು ನಿಮಿಷವಿರುವಾಗ ಸಪ್ಪೆಯಕ್ಕ ಬೇಳೆ ಮಸೆದಿಟ್ಟು ಫೋನು ಎತ್ತಲು ಹೊರಗೆ ಹೋದಳು. ಕ್ಯಾಂಟೀನಮ್ಮ ಡಬ್ಬಿ ತೆಗೆದು ಮೂರು ಚಮಚ ಉಪ್ಪು ಸುರಿದು ಕದಡಿಬಿಟ್ಟಳು. ಗಂಡನಿಗೆ ಏನೂ ಆಗುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಸಪ್ಪೆಯಕ್ಕ ತಾನು ರುಚಿ ನೋಡದೆ ಯಾವತ್ತೂ ಅವನ ಬಾಯಿಗಿಟ್ಟವಳಲ್ಲ. ನಾಲಿಗೆಗಿಡುತ್ತಾಳೆ, ಥೂ ಅನ್ನುತ್ತಾಳೆ, ನಾಚಿಕೆಯಿಂದ ಬಟ್ಟಲು ವಾಪಸು ತರುತ್ತಾಳೆ. ಆಗ ತಾನು, "ಪರವಾಗಿಲ್ಲ ಅಕ್ಕ, ಯಾರಿಗಾದ್ರೂ ಕೈ ತಪ್ಪುತ್ತೆ" ಎಂದು ತನ್ನ ಮೊಟ್ಟೆಯ ಬಟ್ಟಲು ಮುಂದೆ ತಳ್ಳಿದರಾಯಿತು. ಇಷ್ಟೇ ಲೆಕ್ಕಾಚಾರ. ಇನ್ನೂರೈವತ್ತು ಜನಕ್ಕೆ ಬಡಿಸಿದವಳಿಗೆ, ನಾಲಿಗೆಗಿಟ್ಟವರು ರುಚಿ ನೋಡುತ್ತಾರೆ ಎಂಬುದರಲ್ಲಿ ಅನುಮಾನ ಪಡುವಂಥದ್ದೇನಿದೆ?

ಸಪ್ಪೆಯಕ್ಕ ಮಂಚದ ಪಕ್ಕ ಕೂತಳು. ಅರ್ಧ ಚಮಚ ಬಾಯಿಗಿಟ್ಟಳು. ಕ್ಯಾಂಟೀನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಸಪ್ಪೆಯಕ್ಕ ನುಂಗಿದಳು. ಹುಬ್ಬು ಕೂಡ ಅಲುಗಲಿಲ್ಲ. "ಹದವಾಗಿದೆ, ಬಾಯಿ ತೆಗಿಯಪ್ಪ" ಎಂದು ತುಂಬಿದ ಚಮಚವನ್ನು ಮೈದುನನ ತುಟಿಯ ಹತ್ತಿರ ತಂದಳು.

ಕ್ಯಾಂಟೀನಮ್ಮ ಹಾರಿ ಬಂದು ಆ ಕೈಗೆ ಹೊಡೆದಳು. ಚಮಚ ಗೋಡೆಗೆ ಬಡಿಯಿತು, ಬಟ್ಟಲು ಉರುಳಿತು, ಬೇಳೆ ಹೊದಿಕೆಯ ಮೇಲೆಲ್ಲ ಚೆಲ್ಲಿತು.

"ಹುಚ್ಚು ಹಿಡಿದಿದೆಯಾ ನಿಂಗೆ?" ಗಂಡ ಸೀಳಿದ ದನಿಯಲ್ಲಿ ಕಿರುಚಿದ.

ಕ್ಯಾಂಟೀನಮ್ಮ ಸಪ್ಪೆಯಕ್ಕನ ಮುಖ ನೋಡಿದಳು. ಅಲ್ಲಿ ಕೋಪವಿರಲಿಲ್ಲ. ಚೆಲ್ಲಿದ ಬೇಳೆಯನ್ನೂ ಓರಗಿತ್ತಿಯನ್ನೂ ನೋಡಿ ಆಕೆ ಬಿಳುಚಿಕೊಂಡಿದ್ದಳು, ಸಿಕ್ಕಿಬಿದ್ದವಳ ಹಾಗೆ. ಸಿಕ್ಕಿಬೀಳಬೇಕಾದವಳು ತಾನು, ಇವಳೇಕೆ ಹೆದರಬೇಕು? ಕ್ಯಾಂಟೀನಮ್ಮನಿಗೆ ಆ ಕ್ಷಣದಲ್ಲಿ ಎಲ್ಲ ಹೊಳೆಯಿತು. ಇವಳಿಗೆ ರುಚಿಯೇ ತಿಳಿಯುವುದಿಲ್ಲ. ಇಷ್ಟು ದಿನ ಬಾಯಿಗಿಟ್ಟು ನೋಡುತ್ತಿದ್ದದ್ದು ಬಿಸಿಯನ್ನು ಮಾತ್ರ.

ಈಗ ಒಂದು ಮಾತು ಸಾಕಿತ್ತು. ‘ಉಪ್ಪು ಇಷ್ಟಿದ್ರೂ ಗೊತ್ತಾಗದವಳ ಕೈಲಿ ತಿಂತಿದ್ದೀರಲ್ಲ’ ಎಂದರೆ ಸಾಕು, ಅವನು ಅತ್ತಿಗೆಯ ಬಟ್ಟಲಿಗೂ ತುಟಿ ಬಿಗಿಯುತ್ತಾನೆ, ಒಲೆ ತನ್ನದಾಗುತ್ತದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆಮೇಲೆ ಅವನು ಯಾರ ಕೈಯಿಂದ ಉಣ್ಣುತ್ತಾನೆ?

"ಬೇಳೆಗೆ ಉಪ್ಪು ಸುರಿದೋಳು ನಾನೇ" ಎಂದಳು. "ಅಕ್ಕ ಬಾಯಿಗಿಟ್ಟು ನೋಡಿದ ಮೇಲೆ ಸುರಿದೆ. ಅವರದ್ದೇನೂ ತಪ್ಪಿಲ್ಲ. ನೀವು ಅವರ ಕೈಲಿ ತಿನ್ನೋದು ನೋಡೋಕಾಗಲಿಲ್ಲ ನಂಗೆ. ಹೊಟ್ಟೆಕಿಚ್ಚು. ಸಾಕಾ?"

ಬಾಯಿಗಿಟ್ಟ ಮೇಲೆ ಹೇಗೆ ಸುರಿದಳು, ಬಾಗಿಲಲ್ಲಿ ನಿಂತವಳಿಗೆ ಅಷ್ಟುದ್ದದ ಕೈ ಎಲ್ಲಿಂದ ಬಂತು ಎಂದು ಕೇಳುವಷ್ಟು ತ್ರಾಣ ಅವನಲ್ಲಿರಲಿಲ್ಲ.

"ಇನ್ಮೇಲೆ ನೀನು ಮುಟ್ಟಿದ್ದು ನನ್ನ ಹತ್ರ ತರಬೇಡ" ಎಂದಷ್ಟೇ ಅಂದು ಗೋಡೆಗೆ ತಿರುಗಿದ.

ಅಡುಗೆಮನೆಯಲ್ಲಿ ಸಪ್ಪೆಯಕ್ಕ ಬಾಗಿಲು ಮುಂದೆ ಮಾಡಿದಳು.

"ಯಾವಾಗಿಂದ ಅಕ್ಕ?"

"ಹತ್ತು ವರ್ಷದವಳಿದ್ದಾಗ ಒಂದು ಜ್ವರ ಬಂತು ಕಣೆ. ಹೋಗ್ತಾ ಮೂಗು, ನಾಲಿಗೆ ಎರಡನ್ನೂ ತಗೊಂಡು ಹೋಯ್ತು. ಮದುವೆ ಮಾತಿನಲ್ಲಿ ಅಮ್ಮ ಹೇಳಲಿಲ್ಲ, ಆಮೇಲೆ ನಾನು ಹೇಳಲಿಲ್ಲ. ಉಪ್ಪು ಜಾಸ್ತಿಯಾದ್ರೆ ಎಲ್ಲರಿಗೂ ಗೊತ್ತಾಗುತ್ತೆ, ಕಮ್ಮಿಯಾದ್ರೆ ಸೋಮಾರಿ ಅಂತಾರೆ ಅಷ್ಟೇ. ಸೋಮಾರಿ ಅನ್ನಿಸಿಕೊಂಡೆ."

"ಭಾವಂಗೆ?"

"ಅವರಿಗೂ ಗೊತ್ತಿಲ್ಲ." ಸಪ್ಪೆಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀನು ಬಡಿಸಿದಾಗೆಲ್ಲ ನಾನು ಉಣ್ಣೋರ ಮುಖ ನೋಡ್ತಾ ಕೂತಿರ್ತಿದ್ದೆ. ಕಣ್ಣು ಮುಚ್ಚಿಕೊಂಡು ಉಣ್ಣೋರು ಎಲ್ಲರೂ. ನಿನ್ನ ಹೊಟ್ಟೆಕಿಚ್ಚು ಒಂದು ವಾರದ್ದು ಕಣೆ. ನನ್ನದು ಇಪ್ಪತ್ತೆರಡು ವರ್ಷದ್ದು."

ಅತ್ತ ಮಂಚದಿಂದ ಗಂಡ ಸಣ್ಣಗೆ ಕರೆದ. "ಅತ್ತಿಗೆ, ಹಸಿವು."

ಬೇರೆ ಬೇಳೆ ಬೇಯಲು ಹೊತ್ತಾಗುತ್ತಿತ್ತು. ಕ್ಯಾಂಟೀನಮ್ಮ ಮುಚ್ಚಳ ಸರಿಸಿ ತನ್ನ ಮೊಟ್ಟೆಯ ಬಟ್ಟಲನ್ನು ಓರಗಿತ್ತಿಯ ಕೈಗಿಟ್ಟಳು. "ಉಪ್ಪು ಸರಿಯಿದೆ. ನನ್ನ ಮೇಲೆ ನಂಬಿಕೆ ಇದ್ರೆ ತಗೊಂಡು ಹೋಗಿ." ಸಪ್ಪೆಯಕ್ಕ ಒಂದು ಗಳಿಗೆ ಅವಳ ಮುಖ ನೋಡಿ, ಬಟ್ಟಲು ತೆಗೆದುಕೊಂಡು ಹೊರಟಳು.

ಕ್ಯಾಂಟೀನಮ್ಮ ಸಂದಿಯಲ್ಲಿ ನಿಂತಳು. ಮೊದಲ ಚಮಚಕ್ಕೆ ಅವನು ನಿಲ್ಲಿಸಿ ಬಟ್ಟಲಿನೊಳಗೆ ಬಗ್ಗಿ ನೋಡಿದ. ಎರಡನೆಯದಕ್ಕೆ ಕಣ್ಣು ಮುಚ್ಚಿದ. ಹದಿನಾಲ್ಕನೆಯದಕ್ಕೆ ಬಟ್ಟಲಿನ ತಳ ಕೆರೆಯುವ ಸದ್ದು ಕೇಳಿಸಿತು. ಇಷ್ಟು ದಿನದಲ್ಲಿ ಅವನು ಅಷ್ಟು ಉಂಡಿರಲಿಲ್ಲ.

"ಏನತ್ತಿಗೆ ಇದು! ಇಷ್ಟು ಚೆನ್ನಾಗಿರೋದು ನಾನು ತಿಂದೇ ಇಲ್ಲ. ನಿಮ್ಮ ಕೈ ಎಲ್ಲಿ, ಅವಳ ಕೈ ಎಲ್ಲಿ!"

ಸಪ್ಪೆಯಕ್ಕ ಹೇಳಿಬಿಡಲು ಬಾಯಿ ತೆರೆದಳು. ಬಾಗಿಲ ಸಂದಿಯಿಂದ ಕ್ಯಾಂಟೀನಮ್ಮ ಬೇಡ ಬೇಡ ಎಂದು ಎರಡೂ ಕೈ ಆಡಿಸಿದಳು. ತಾನು ಮುಟ್ಟಿದ್ದು ಎಂದು ತಿಳಿದರೆ ಉಂಡದ್ದನ್ನೂ ಕಕ್ಕುತ್ತಾನೆ.

"ಸಂಜೆಗೂ ಇದನ್ನೇ ಮಾಡಿ ಅತ್ತಿಗೆ" ಎಂದ ಅವನು, ದಿಂಬಿಗೊರಗುತ್ತ.

"ಮಾಡ್ತೀನಪ್ಪ" ಎಂದಳು ಸಪ್ಪೆಯಕ್ಕ, ಅವನ ಬಾಯಿ ಒರೆಸುತ್ತ.

ಕ್ಯಾಂಟೀನಮ್ಮನಿಗೆ ಹೊಟ್ಟೆಯೊಳಗೆ ಬೆಂಕಿ ಇಟ್ಟಂತಾಯಿತು. ಬಟ್ಟಲು ತನ್ನದು, ಹೊಗಳಿಕೆ ಇನ್ನೊಬ್ಬಳದು. ತನ್ನ ಕೈಯ ಅಡುಗೆಯ ಮೇಲೆ ತಾನೇ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದುಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು, ಸಂಜೆಗೆ ಮೊಟ್ಟೆ ಸಾಲುತ್ತವೋ ಇಲ್ಲವೋ ನೋಡಲು ಒಳಗೆ ಹೋದಳು.