ಇರುವೆ ಮುಟ್ಟದ ಹಾಳೆ

ಬಿಸಾಡುವ ವಸ್ತು ಕಂಡರೆ ನನ್ನ ಗಂಡನ ಕೈ ಸುಮ್ಮನಿರುವುದಿಲ್ಲ. ಡೈರಿಯವರು ಒಡೆದ ಹಾಲನ್ನು ಕಾಲುವೆಗೆ ಬಿಡುವುದನ್ನು ನೋಡಿ ಹೊಟ್ಟೆ ಉರಿದುಕೊಂಡರು. ಡೈರಿಯ ಹಿಂದಿನ ಶೆಡ್ಡು ಹಿಡಿದು, ಆ ಹಾಲಿನ ಗಟ್ಟಿಯಿಂದ ತೆಳ್ಳನೆಯ ಹಾಳೆ ಮಾಡತೊಡಗಿದರು. ಗಿಡದ ಬುಡಕ್ಕೆ ಪ್ಲಾಸ್ಟಿಕ್ ಬದಲು ಅದನ್ನು ಹೊದಿಸಿದರೆ ಕಳೆ ಏಳುವುದಿಲ್ಲ, ತೇವ ಆರುವುದಿಲ್ಲ. ಕೊಯ್ಲಿನ ಹೊತ್ತಿಗೆ ಹಾಳೆಯೇ ಮಣ್ಣಾಗಿರುತ್ತದೆ.

ನಂಬದ ರೈತರ ಮುಂದೆ ಅವರದೊಂದು ಆಟವಿತ್ತು. ಹಾಳೆಯ ಮೂಲೆ ಹರಿದು, ಜಗಿದು ನುಂಗಿ, "ನಾನು ತಿಂದಿದ್ದನ್ನೇ ನಿಮ್ಮ ಮಣ್ಣಿಗೂ ಹಾಕ್ತಿರೋದು" ಅನ್ನುವರು. ಜನ ಚಪ್ಪಾಳೆ ತಟ್ಟುವರು.

ಇದನ್ನು ನೋಡಿ ನೋಡಿ ನಮ್ಮ ಮಾವನಿಗೂ ಚಟ ಹತ್ತಿತು. ಬೀಡಿ ಬಿಟ್ಟ ಬಾಯಿ ಸುಮ್ಮನಿರಬೇಕಲ್ಲ! ಹಾಳೆಯ ಚೂರುಗಳನ್ನು ಜೇಬಲ್ಲಿ ತುಂಬಿಕೊಂಡು ದಿನವಿಡೀ ಮೆಲುಕು ಹಾಕುವರು.

"ಎಮ್ಮೆಗೂ ನಿಮಗೂ ವ್ಯತ್ಯಾಸವೇ ಇಲ್ಲ ಮಾವ" ಅಂದೆ ಒಂದು ದಿನ.

"ಇದೆ ಕಣಮ್ಮಾ. ಎಮ್ಮೆ ಹುಲ್ಲು ತಿಂದು ಹಾಲು ಕೊಡುತ್ತೆ, ನಾನು ಹಾಲು ತಿಂದು ಬೈಗುಳ ಕೊಡ್ತೀನಿ."

ಮಳೆ ಜೋರಾದ ವರ್ಷ ಹಾಳೆಗಳು ಅರ್ಧ ಬೆಳೆಗೇ ಕರಗಿದವು. ಉಳಿದದ್ದನ್ನು ಇಲಿ, ಇರುವೆ ತಿಂದವು. ರೈತರು ರೋಲುಗಳನ್ನು ತಂದು ಶೆಡ್ಡಿನ ಬಾಗಿಲಲ್ಲೇ ಬಿಸುಟು ಹೋದರು. ಆಮೇಲೆ ಶೆಡ್ಡಿಗೆ ನೀಲಿ ಡ್ರಮ್ಮುಗಳು ಬಂದವು. ಹೊಸ ಹಾಳೆ ಬಿರುಸಾಗಿತ್ತು, ಹೊಳೆಯುತ್ತಿತ್ತು. ಡ್ರಮ್ಮಿನ ಮುಚ್ಚಳ ತೆಗೆದರೆ ಕಣ್ಣು ಉರಿಯುತ್ತಿತ್ತು. ಆ ವಾಸನೆ ನನಗೆ ಗೊತ್ತು. ಅಮ್ಮನ ಹೆಣ ಪಡೆಯಲು ಶವಾಗಾರದ ಬಾಗಿಲಲ್ಲಿ ನಿಂತಾಗ ಮೂಗಿಗೆ ಹತ್ತಿದ್ದು ಇದೇ, ಹೆಣ ಕೆಡದಂತೆ ಬಳಸುವ ಮದ್ದಿನದು.

"ಏನ್ರೀ ಅದು?"

"ಹಾಳೆ ಗಟ್ಟಿ ಬರೋಕೆ. ಒಣಗಿದ ಮೇಲೆ ಏನೂ ಉಳಿಯಲ್ಲ. ಸಿಕ್ಕವರ ಮುಂದೆ ಊದಬೇಡ."

ಹಿತ್ತಿಲ ಬದನೆ ಮಡಿಗೂ ಅದನ್ನೇ ಹೊದಿಸಿದ್ದರು. ಒಂದು ಬೆಳಗ್ಗೆ ಅಂಚು ಎತ್ತಿ ನೋಡಿದೆ. ಹಳೆಯ ಹಾಳೆಯ ಕೆಳಗಾದರೆ ಮಣ್ಣು ಹುಳುಗಳಿಂದ ಗಿಜಿಗುಡುತ್ತಿತ್ತು. ಇಲ್ಲಿ ಎರೆಹುಳುಗಳು ಸುರುಟಿಕೊಂಡು ಒಣಗಿದ್ದವು. ಗಂಡನಿಗೆ ಹೇಳಿದರೆ "ಬಿಸಿಲಿಗೆ ಸತ್ತಿರಬೇಕು" ಅಂದರು, ನನ್ನ ಮುಖ ನೋಡದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಅದೇ ಸುಮಾರಿಗೆ ಮಾವನ ಬಾಯಿ ತುಂಬ ಹುಣ್ಣಾಯಿತು. ಹೊಟ್ಟೆ ಉರಿ ಎಂದು ಅನ್ನ ದೂಡಿ ಏಳುವರು. ಡಾಕ್ಟರು ವಯಸ್ಸು ಅಂದರು. ನನಗೆ ಹೆದರಿಕೆಯಾಯಿತು.

"ಮಾವನಿಗೆ ಆ ಹಾಳೆ ಬಿಡೋಕೆ ಹೇಳ್ರೀ."

"ಅಪ್ಪನಿಗೆ ಅಂತಾನೇ ಹಳೇ ರೋಲ್ ಒಂದು ಬೇರೆ ಎತ್ತಿಟ್ಟು, ಇದು ನಿಮ್ಮದು ಅಂತ ತೋರಿಸಿದೀನಿ."

"ಯಾಕೆ ಅಂತ ಹೇಳಿದ್ರಾ?"

"ಹೇಳಿದ್ರೆ ಊರಿಗೆಲ್ಲ ಡಂಗುರ ಸಾರ್ತಾರೆ. ಸುಮ್ನಿರು."

ಹಳೆಯದಲ್ಲವೇ ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಡೈರಿಯ ಅಂಗಳದಲ್ಲಿ ಹೊಸ ಹಾಳೆ ತೋರಿಸುವ ದಿನ ಜನ ಕಿಕ್ಕಿರಿದಿದ್ದರು. ಸೊರಗಿದ್ದ ಮಾವ ಹಟ ಮಾಡಿ ಬಂದು ಮುಂದಿನ ಕುರ್ಚಿಯಲ್ಲೇ ಕೂತರು. ಹಿಂದಿನಿಂದ ಒಬ್ಬ ರೈತ ಕೂಗಿದ: "ತಿಂದು ತೋರಿಸಿ ಸ್ವಾಮಿ!"

ಗಂಡನ ಕೈ ರೋಲಿನತ್ತ ಹೋಯಿತು, ಹರಿದಂತೆ ಮಾಡಿತು, ಮೆಲ್ಲಗೆ ಜೇಬಿಗಿಳಿಯಿತು. ಬಾಯಿಗೆ ಹೋದದ್ದು ಮಂಕಾದ ಹಳದಿ ಚೂರು, ಹಳೆಯ ಹಾಳೆಯದು. ಪಕ್ಕದಲ್ಲೇ ನಿಂತಿದ್ದ ನನಗೆ ಅದು ಕಂಡಿತು. ಹೊಸದನ್ನು ಬಾಯಿಗಿಡಲು ಮಾಡಿದವರಿಗೇ ಧೈರ್ಯವಿಲ್ಲ!

ಅಷ್ಟರಲ್ಲಿ ಮಾವ ಕುರ್ಚಿ ಹಿಡಿದು ಎದ್ದರು. "ಅವನೇನು ಮಹಾ, ನಾನು ದಿನಾ ತಿಂತೀನಿ!" ಎಂದು ಜೇಬಿನಿಂದ ಒಂದು ಚೂರು ತೆಗೆದು ಎತ್ತಿ ಹಿಡಿದರು. ಅದು ಬಿರುಸಾಗಿತ್ತು, ಬಿಸಿಲಿಗೆ ಹೊಳೆಯಿತು. ಜನ ಚಪ್ಪಾಳೆ ತಟ್ಟಿದರು.

ಗಂಡನ ದವಡೆ ನಿಂತುಹೋಯಿತು. "ಅಪ್ಪಾ, ನಿಮಗೆ ಅಂತ ಎತ್ತಿಟ್ಟಿದ್ದ ರೋಲ್ ಎಲ್ಲಿ?"

"ಅದಾ? ಅವತ್ತೇ ತಿಪ್ಪೆಗೆ ಎಸೆದೆ ಕಣೋ, ಬರೀ ಇರುವೆ" ಅಂದರು ಮಾವ, ಚೂರನ್ನು ಬಾಯಿಗೆ ಹಾಕಿಕೊಳ್ಳುತ್ತಾ. "ಇದು ನೋಡು, ಒಂದು ಇರುವೆನೂ ಹತ್ರ ಬರಲ್ಲ."