ಮೂರನೆಯ ಸಹಿ

“ಏನೂ ಆಗಲ್ಲ ಕಣೇ, ಕೂತ್ಕೋ,” ಎಂದು ದೊಡ್ಡಕ್ಕ ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಹೆಡ್‌ಫೋನನ್ನು ತಾನೇ ಅವಳ ತಲೆಗೆ ಹಾಕಿದಳು. ವಾರದ ರಜೆಯ ದಿನ. ಮಗ್ಗಗಳೆಲ್ಲ ನಿಂತಿದ್ದವು. ಆದರೂ ಸದ್ದು ಬರಬಾರದೆಂದು ಕಾರ್ಖಾನೆಯ ಔಷಧಿ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿದ್ದರು. ಹೊರಗೆ ಸಾಲಿನಲ್ಲಿ ಇನ್ನೂ ಇಪ್ಪತ್ತು ಹೆಂಗಸರಿದ್ದರು. ಒಬ್ಬೊಬ್ಬರ ಮನೆಗೂ ಅಲೆದು, ಒಪ್ಪಿಸಿ ಕರೆತಂದವಳು ದೊಡ್ಡಕ್ಕನೇ.

ಒಡಹುಟ್ಟಿದ ತಂಗಿಗೆ ಮಾತ್ರವಲ್ಲ, ಇಡೀ ನೇಯ್ಗೆ ಶೆಡ್ಡಿಗೇ ಅವಳು ದೊಡ್ಡಕ್ಕ. ಅಲ್ಲಿನ ಹೆಂಗಸರ ಸಂಘಕ್ಕೆ ಅಧ್ಯಕ್ಷೆ. ಅದಕ್ಕೇ ವಿಶ್ವವಿದ್ಯಾಲಯದ ಮೇಡಂ ಹುಡುಕಿಕೊಂಡು ಬಂದಿದ್ದರು. ಮಗ್ಗದ ಸದ್ದಿಗೆ ಕಿವಿ ಎಷ್ಟು ಕೆಡುತ್ತದೆಂದು ಅಳೆಯಬೇಕು, ಆಮೇಲೆ ಕೆಲಸಕ್ಕೆ ಅಡ್ಡಿಯಾಗದಂಥ ಕಿವಿಮುಚ್ಚಿಗೆ ಮಾಡಬೇಕು, ಇದು ಅವರ ಆಸೆ. ಅದಕ್ಕೆಂದು ಸರ್ಕಾರದಿಂದ ಸಿಕ್ಕಿದ್ದು ಬೀಜಧನ, ಮೊದಲ ಪ್ರಯೋಗಕ್ಕಷ್ಟೇ ಸಾಲುವ ಚಿಕ್ಕ ಮೊತ್ತ. ಇದು ಮೊಳೆತರೆ ಮುಂದೆ ದೊಡ್ಡ ಹಣ. ಆದರೆ ವಿಶ್ವವಿದ್ಯಾಲಯ ಒಂದೇ ಕೇಳಿದರೆ ಕೊಡುವುದಿಲ್ಲ. ಕಾರ್ಖಾನೆಯೂ ಸಹಿ ಹಾಕಬೇಕು, ಜನರ ಸಂಘವೂ ಹಾಕಬೇಕು.

“ಬೀಜ ಅವರದು, ಹೊಲ ನಮ್ಮದು. ಬೆಳೆ ಯಾರ ಮನೆಗೆ ಹೋಗುತ್ತೋ!” ಎಂದು ನೂಲು ಸುತ್ತುವ ಮುದುಕಿ ನಕ್ಕಿದ್ದಳು. “ಎಲ್ಲದ್ರಲ್ಲೂ ಹುಳುಕು ಹುಡುಕ್ಬೇಡ,” ಎಂದು ದೊಡ್ಡಕ್ಕ ಗದರಿ, ಮೂರನೆಯ ಸಹಿ ಹಾಕಿದ್ದಳು. ಆ ಕಾಗದದಲ್ಲಿ ಅವಳ ಹೆಸರಿನ ಮುಂದೆ ‘ಪಾಲುದಾರರು’ ಎಂದಿತ್ತು. ಮೂವತ್ತು ವರ್ಷದಲ್ಲಿ ಆ ಕಾರ್ಖಾನೆ ಅವಳನ್ನು ಪಾಲುದಾರಳೆಂದು ಕರೆದದ್ದು ಅದೇ ಮೊದಲು.

ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು. ತಂಗಿ ಒಂದನ್ನೂ ಬಿಡದೆ ಒತ್ತಿದಳು. ಕಿವಿ ಪರವಾಗಿಲ್ಲ ಎಂದು ದೊಡ್ಡಕ್ಕ ಹಿಗ್ಗುವಷ್ಟರಲ್ಲಿ ತಂಗಿಯ ಕಣ್ಣು ಎಲ್ಲಿದೆಯೆಂಬುದು ಕಂಡಿತು. ಅದು ಯಂತ್ರದ ಮೇಲಿದ್ದ ಮೇಡಂ ಬೆರಳನ್ನೇ ನೋಡುತ್ತಿತ್ತು. ಬೆರಳು ಅಲುಗಿದರೆ ಇವಳು ಒತ್ತುತ್ತಿದ್ದಳು.

ದೊಡ್ಡಕ್ಕ ಬಗ್ಗಿ ಮೇಡಂಗೆ ಹೇಳಿದಳು: “ಅವಳು ನಿಮ್ಮ ಕೈ ನೋಡ್ಕೊಂಡು ಒತ್ತುತ್ತಾ ಇದಾಳೆ. ಗೋಡೆ ಕಡೆ ತಿರುಗಿಸಿ ಕೂರ್ಸಿ.”

ಹಾಗೆ ಹೇಳುವಾಗ ಅವಳಿಗೆ ಒಂಥರಾ ಹೆಮ್ಮೆಯೇ ಆಗಿತ್ತು. ಪಾಲುದಾರಳಾದ ಮೇಲೆ ಲೆಕ್ಕ ನೇರವಾಗಿರಬೇಡವೇ? ಕುರ್ಚಿ ತಿರುಗಿತು. ಮೇಡಂ ಸದ್ದನ್ನು ಏರಿಸುತ್ತ ಹೋದರು. ಗುಂಡಿಯ ಮೇಲಿದ್ದ ತಂಗಿಯ ಹೆಬ್ಬೆರಳು ಬಹಳ ಹೊತ್ತು ಅಲುಗಲೇ ಇಲ್ಲ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹದಿನಾಲ್ಕು ಹೆಂಗಸರನ್ನು ಗೇಟಿನಲ್ಲೇ ತಡೆದು ಕೈಗೊಂದು ಕಾಗದ ಕೊಟ್ಟರು. ಕಿವಿ ಮಂದವಿರುವವರು ಓಡುವ ಯಂತ್ರದ ಹತ್ತಿರ ಇರುವುದು ಅಪಾಯವಾದ್ದರಿಂದ ಇಂದಿನಿಂದ ಬರತಕ್ಕದ್ದಲ್ಲ. ಗೇಟಿನವನ ಪಟ್ಟಿಯಲ್ಲಿ ತಂಗಿಯದು ಆರನೆಯ ಹೆಸರು.

ದೊಡ್ಡಕ್ಕ ಮ್ಯಾನೇಜರನ ಕೋಣೆಗೆ ನುಗ್ಗಿದಳು.

“ನಿಮ್ಮ ಸಂಶೋಧನೇನೇ ಹೇಳ್ತಿದೆಯಲ್ಲ ದೊಡ್ಡಕ್ಕ,” ಎಂದ ಅವನು ಮೆತ್ತಗೆ. “ನಾಳೆ ಯಾರದಾದ್ರೂ ಕೈ ಸಿಕ್ಕಿಕೊಂಡ್ರೆ ಯಾರು ಹೊಣೆ?”

“ಆ ಕಿವಿ ತಿಂದಿದ್ದು ಯಾರು ಸ್ವಾಮಿ? ನಿಮ್ಮ ಮಗ್ಗ ತಾನೇ?”

“ಹಾಗಂತ ವರದಿಯಲ್ಲಿ ಎಲ್ಲೂ ಇಲ್ಲ. ವಯಸ್ಸಿನಿಂದ್ಲೂ ಆಗಿರಬಹುದು ಅಂತಿದೆ.”

ಆ ಶೆಡ್ಡಿನಲ್ಲಿ ಕಿವಿಯಿಂದ ಯಾರಿಗೆ ತಾನೇ ಕೆಲಸ? ಇನ್ನೂರು ಮಗ್ಗ ಒಟ್ಟಿಗೆ ಬಡಿಯುವಾಗ ಕಿವಿ ನೆಟ್ಟಗಿದ್ದವರಿಗೂ ಏನೂ ಕೇಳದು. ಬಯ್ಯುವುದು, ನಗುವುದು, ಚಾಡಿ ಹೇಳುವುದು ಎಲ್ಲ ತುಟಿಯಲ್ಲೇ. ನೂಲು ಹರಿದದ್ದನ್ನು ತಂಗಿ ಮಗ್ಗದ ಚೌಕಟ್ಟಿನ ಮೇಲಿಟ್ಟ ಅಂಗೈಯ ನಡುಕದಿಂದಲೇ ತಿಳಿಯುತ್ತಿದ್ದಳು. ಇದನ್ನೆಲ್ಲ ಅಳೆಯಲು ಮೇಡಂ ಹತ್ತಿರ ಯಂತ್ರವಿರಲಿಲ್ಲ.

ಸಂಜೆ ಮನೆಗೆ ಬಂದರೆ ತಂಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಗಂಡನಿಲ್ಲದ ಅಕ್ಕ, ಗಂಡ ಬಿಟ್ಟುಹೋದ ತಂಗಿ. ಎರಡು ಕೋಣೆಯ ಆ ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ದೊಡ್ಡಕ್ಕ ಎದುರಿಗೆ ಹೋಗಿ ಕೂತು, “ಮೇಡಂ ಮೋಸ ಮಾಡಿಬಿಟ್ರು ಕಣೇ,” ಎಂದಳು.

“ಮೇಡಂ ಯಾಕೆ?” ತಂಗಿಯ ದನಿ ಯಾವತ್ತಿನಂತೆ ಬೇಕಾದ್ದಕ್ಕಿಂತ ಜೋರಾಗಿತ್ತು. “ಅವತ್ತು ನೀನು ಬಗ್ಗಿ ಏನಂದೆ ಅಂತ ನಂಗೊತ್ತು. ಹೋಗಿರೋದು ಕಿವಿ ಅಕ್ಕಾ, ಕಣ್ಣಲ್ಲ.”

ದೊಡ್ಡಕ್ಕ ಎದ್ದು ತೊಳೆದ ಪಾತ್ರೆಗಳನ್ನು ಜೋಡಿಸತೊಡಗಿದಳು.

ಮರುದಿನ ಕೆಲಸಕ್ಕೆ ಚಕ್ಕರ್ ಹಾಕಿ ವಿಶ್ವವಿದ್ಯಾಲಯಕ್ಕೆ ಹೋದಳು. ಮೇಡಂ ಎದ್ದು ನಿಂತು ಕುರ್ಚಿ ಎಳೆದು ಕೊಟ್ಟರು. ಕಣ್ಣ ಕೆಳಗೆ ಕಪ್ಪುಗಟ್ಟಿತ್ತು.

“ನಾನು ಹೆಸರು ಕೊಟ್ಟಿಲ್ಲ ದೊಡ್ಡಕ್ಕ. ಬರೀ ನಂಬರ್ ಕೊಟ್ಟೆ.”

“ಯಾವ ನಂಬರು?”

“ಹಾಜರಿಯ ಟೋಕನ್ ನಂಬರು.”

“ಟೋಕನ್ ಪಟ್ಟಿ ಇರೋದು ಯಾರ ಮೇಜಿನ ಮೇಲೆ ಮೇಡಂ?”

ಮೇಡಂ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿದರು. “ಮಾಹಿತಿ ಪಾಲುದಾರರೆಲ್ಲರದು ಅಂತ ಒಪ್ಪಂದದಲ್ಲೇ ಇತ್ತು. ಕೊಡದೇ ಇದ್ದಿದ್ರೆ ಅವರು ಕೈಬಿಡ್ತಿದ್ರು. ನನ್ನ ಕೆಲಸಾನೂ ಇನ್ನೂ ಕಾಯಂ ಆಗಿಲ್ಲ,” ಎಂದರು.

“ಪಾಲುದಾರರೆಲ್ಲರದು ಅಂದ್ರಲ್ಲ, ನನಗ್ಯಾಕೆ ಕೊಡ್ಲಿಲ್ಲ?”

“ನೀವು ಕೇಳ್ಲಿಲ್ಲ.”

ಆ ಮಾತು ಬಾಯಿಂದ ಬಿದ್ದ ಕೂಡಲೇ ಮೇಡಂ ಮುಖ ಕೆಂಪಾಯಿತು. ಅದೇ ಇರುಸುಮುರುಸಿನಲ್ಲಿ ಒಂದು ಕಡತವನ್ನೂ ಮುಚ್ಚಳ ತೆಗೆದ ಪೆನ್ನನ್ನೂ ಮುಂದಿಟ್ಟರು. ಬೀಜ ಮೊಳೆತಿತ್ತು. ಮೂರು ವರ್ಷದ ದೊಡ್ಡ ಯೋಜನೆ ಮಂಜೂರಾಗುವ ಹಂತದಲ್ಲಿತ್ತು. ಎರಡು ಸಹಿ ಆಗಲೇ ಬಿದ್ದಿದ್ದವು.

“ಇದು ನಡೆದ್ರೆ ಉಳಿದವರ ಕಿವಿಯಾದ್ರೂ ಉಳಿಯುತ್ತೆ. ಇದು ನಿಜ, ನಂಬಿ.”

“ಹದಿನಾಲ್ಕು ಜನಾನ ವಾಪಸ್ ತಗೋಬೇಕು ಅಂತ ಇದರಲ್ಲೇ ಬರೀರಿ. ಈಗ್ಲೇ ಹಾಕ್ತೀನಿ.”

“ಅದು ಸಂಶೋಧನೆಯ ವ್ಯಾಪ್ತಿಗೆ ಬರಲ್ಲ ದೊಡ್ಡಕ್ಕ.”

ದೊಡ್ಡಕ್ಕ ಪೆನ್ನಿನ ಮುಚ್ಚಳ ಹಾಕಿ ಕಡತದ ಮೇಲಿಟ್ಟಳು. “ಇಷ್ಟು ದಿನ ನಮ್ಮ ಕಿವಿ ಮೇಲೆ ಹೂ ಇಟ್ರಿ. ಈಗ ಮುಚ್ಚಿಗೆ ಇಡಿ,” ಎಂದು ಎದ್ದು ಬಂದಳು.

ಅವಳು ಹಾಕದಿದ್ದರೇನು? ವಾರ ಕಳೆಯುವುದರೊಳಗೆ ಸೂಪರ್‌ವೈಸರನ ನಾದಿನಿ ಹೊಸದೊಂದು ಹೆಂಗಸರ ಸಂಘದ ಅಧ್ಯಕ್ಷೆಯಾಗಿ ಸಹಿ ಹಾಕಿದಳು. ಮೂವರೂ ಕೈ ಕುಲುಕುವ ಫೋಟೊ ಕಾರ್ಖಾನೆಯ ಗೇಟಿನ ಒಳಗೋಡೆಗೆ ಬಂತು. ಊಟದ ಬಿಡುವಿನಲ್ಲಿ ದೊಡ್ಡಕ್ಕನ ಪಕ್ಕ ಕೂರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಜಾಗ ಬದಲಿಸಿದರು. ಮುದುಕಿ ಮಾತ್ರ ಕೂತಳು. ಆದರೆ ನಗಲಿಲ್ಲ.

ಅಂದು ಮನೆಗೆ ಬಂದು ದೊಡ್ಡಕ್ಕ ದೀಪದ ಕೆಳಗೆ, ತನ್ನ ತುಟಿ ಸರಿಯಾಗಿ ಕಾಣುವಂತೆ ಕೂತಳು. ಮೇಡಂ ಕೋಣೆಯಲ್ಲಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ತಂಗಿ ಕಣ್ಣು ಕೀಳದೆ ನೋಡಿದಳು.

“ನೀನು ಸಹಿ ಹಾಕ್ಲಿಲ್ಲ ಅಂತ ನನ್ನ ವಾಪಸ್ ಕರೀತಾರಾ?”

“ಇಲ್ಲ.”

“ಮತ್ತೆ ಯಾರಿಗೋಸ್ಕರ ಹಾಕ್ಲಿಲ್ಲ?”

“ನಾನು ಹೇಳೋದು ಕೇಳು, ಅವತ್ತು ನಾನು…” ಎಂದು ದೊಡ್ಡಕ್ಕ ಶುರು ಮಾಡಿದಳು.

ತಂಗಿ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಳು. ದೊಡ್ಡಕ್ಕನ ತುಟಿ ಇನ್ನೂ ಆಡುತ್ತಲೇ ಇತ್ತು.